‘ಸ್ಕೂಲಿಗೆ ಎಷ್ಟು ಹಾಕಿದ್ರಿ?’

ಎರಡು ವರ್ಷದಿಂದ ಒಂದೇ ಪ್ರಶ್ನೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ಕಾಸ್ಟ್‌ಕೋ ಪಾರ್ಕಿಂಗಿನಲ್ಲಿ, ಊರಿಂದ ಬರುವ ಫೋನಿನಲ್ಲಿ. ‘ಏನ್ರೀ, ಸ್ಕೂಲ್ ಓಪನ್ ಮಾಡ್ತಿದ್ದೀರಂತೆ! ಎಷ್ಟು ಹಾಕಿದ್ರಿ?’

340 ಡಾಲರ್. ಪ್ರಿಂಟಿಂಗು, ಎಂಟು ಕ್ಲಿಪ್‌ಬೋರ್ಡು, ಒಂದು ಡಬ್ಬ ಪೆನ್ನು, ಹಿಯರಿಂಗ್ ಅನ್ನುವ ಬಹಿರಂಗ ಸಭೆಯ ದಿನ ಎಲ್ಲರಿಗೂ ತಂದ ಪಿಜ್ಜಾ. ಅಷ್ಟೇ. ಇನ್ನು ಮೇಲೆ ಯಾರು ಕೇಳಿದರೂ ಬಾಯಲ್ಲಿ ಉತ್ತರ ಹೇಳುವುದಿಲ್ಲ, ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗೆ ಒಂದು ಬಾಲವೂ ಇದೆ. ಅದು ಒಂದು ನಿಮಿಷ ತಡವಾಗಿ, ದನಿ ತಗ್ಗಿಸಿಕೊಂಡು ಬರುತ್ತದೆ. ‘ನಮ್ಮ ಹುಡುಗನಿಗೆ ಒಂದು ಸೀಟ್ ನೋಡಿ ಮತ್ತೆ.’

ನೋಡುವುದಿಲ್ಲ. ನೋಡೋಕೆ ಬರುವುದೂ ಇಲ್ಲ. ಯಾಕೆ ಅಂತ ಒಂದೇ ಸಲ ಹೇಳಿಬಿಡುತ್ತೇನೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ನಾವು ಏಳು ಜನ ಸೇರಿ ತೆರೆಯಲು ಹೊರಟಿರುವುದು ಚಾರ್ಟರ್ ಸ್ಕೂಲ್. ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ. ಫೀಸಿಲ್ಲ. ಧರ್ಮದ ಪಾಠ ಇಲ್ಲ. ಪರೀಕ್ಷೆ ಇಟ್ಟು ಜಾಣ ಮಕ್ಕಳನ್ನು ಆರಿಸಿಕೊಳ್ಳುವ ಹಾಗಿಲ್ಲ. ಅರ್ಜಿಗಳು ಜಾಸ್ತಿ ಬಂದರೆ ಎಲ್ಲರೆದುರು ಲಾಟರಿ ಎತ್ತಬೇಕು. ನಡೆಸುವುದು ಮಾತ್ರ ಊರಿನ ಉಳಿದ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟ್ ಅಲ್ಲ, ನಮ್ಮಂಥ ಲಾಭವಿಲ್ಲದ ಒಂದು ಸಂಸ್ಥೆ. ಹೀಗೆ ಕಲಿಸುತ್ತೇವೆ, ಇಷ್ಟು ಕಲಿಯುತ್ತಾರೆ, ಲೆಕ್ಕ ಹೀಗಿಡುತ್ತೇವೆ ಅಂತ ಆ ಡಿಸ್ಟ್ರಿಕ್ಟಿನ ಬೋರ್ಡಿಗೆ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ಆ ಬರಹವೇ ಚಾರ್ಟರ್. ಮೊದಲ ಸಲ ಹೆಚ್ಚೆಂದರೆ ಐದು ವರ್ಷಕ್ಕೆ ಕೊಡುತ್ತಾರೆ. ಮಾತು ಉಳಿಸಿಕೊಳ್ಳದಿದ್ದರೆ ಬಾಗಿಲು ಮುಚ್ಚಿಸಬಹುದು. ಇಂಥ ಮೊದಲ ಕಾನೂನು 1991ರಲ್ಲಿ ಮಿನ್ನೆಸೋಟಾದಲ್ಲಿ ಬಂತು, ಮಾರನೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ. ಲಾಭದ ಕಂಪನಿಗಳು ಇಲ್ಲಿ ಚಾರ್ಟರ್ ನಡೆಸಬಾರದು ಅಂತ 2018ರಲ್ಲಿ ಇನ್ನೊಂದು ಕಾನೂನೂ ಆಯಿತು. ನಮ್ಮ ಕಡೆಯ ಅನುದಾನಿತ ಶಾಲೆಯನ್ನು ನೆನಪು ಮಾಡಿಕೊಂಡರೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಅರ್ಥ ಮಾಡಿಸೋಕೆ ಹೋಗಿಯೇ ನಾನು ದೀಪಾವಳಿ ಊಟ ಹಾಳು ಮಾಡಿಕೊಂಡಿದ್ದು.

ಹೋದ ವರ್ಷದ ಮಾತು. ಬಿಸಿಬೇಳೆಬಾತ್ ಹಾಕಿಸಿಕೊಂಡು ಬೂಂದಿಗೆ ಕೈ ಚಾಚಿದ್ದೆ. ಹಿರಿಯರೊಬ್ಬರು ಪಕ್ಕಕ್ಕೆ ಬಂದರು.

‘ಎಷ್ಟು ಹಾಕಿದ್ರಿ?’

‘ಏನೂ ಹಾಕಿಲ್ಲ ಅಂಕಲ್, ಅದು ಪಬ್ಲಿಕ್ ಸ್ಕೂಲ್.’

‘ಗೊತ್ತು ಬಿಡಮ್ಮ, ಪಬ್ಲಿಕ್ ಸ್ಕೂಲೇ. ಫೀಸ್ ಎಷ್ಟು ಇಟ್ಟಿದ್ದೀರಿ?’

ಇದು ಅವರ ತಪ್ಪಲ್ಲ. ಬೆಂಗಳೂರಿನಲ್ಲಿ ಬೋರ್ಡಿನ ಮೇಲೆ ‘ಪಬ್ಲಿಕ್ ಸ್ಕೂಲ್’ ಅಂತ ಇದ್ದರೆ ಒಳಗೆ ಫೀಸ್ ಕೌಂಟರ್ ಇದೆ ಅಂತಲೇ ಅರ್ಥ. ‘ಕರ್ನಾಟಕ ಪಬ್ಲಿಕ್ ಸ್ಕೂಲ್’ ಅಂತ ಇದ್ದರೆ ಮಾತ್ರ ಅದು ನಿಜವಾಗಲೂ ಸರ್ಕಾರಿ ಶಾಲೆ. ಇಂಥ ಊರಿಂದ ಬಂದವರಿಗೆ ಗಲಿಬಿಲಿ ಆಗದೆ ಇನ್ನೇನಾಗುತ್ತೆ?

ಫೀಸಿಲ್ಲ ಅಂದೆ. ‘ಹಾಗಾದ್ರೆ ನಿಮಗೇನು ಸಿಗುತ್ತೆ?’ ಏನೂ ಇಲ್ಲ ಅಂದೆ. ‘ನಿಮ್ಮ ಮಗನಿಗಾದ್ರೂ ಸೀಟು?’ ಅವನೀಗ ಏಳನೇ ಕ್ಲಾಸು, ನಾವು ಮೊದಲ ವರ್ಷ ತೆರೆಯೋದು ಕಿಂಡರ್‌ಗಾರ್ಟನ್, ಒಂದು, ಎರಡು ಅಷ್ಟೇ ಅಂದೆ. ಅವರು ಚಮಚ ತಟ್ಟೆಯಲ್ಲಿಟ್ಟು ನನ್ನನ್ನೇ ನೋಡಿದರು. ಸುಳ್ಳು ಹೇಳುತ್ತಿದ್ದಾಳೆ ಅನ್ನುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಪಾಪ, ಯಾರೋ ಇವಳಿಗೆ ಟೋಪಿ ಹಾಕ್ತಿದ್ದಾರೆ ಅನ್ನುವ ನೋಟ ಅದು.

ಶಾಲೆ ಅಂದರೆ ಅದಕ್ಕೊಬ್ಬ ಓನರ್ ಇರಲೇಬೇಕು ಅಂತ ನಮಗೆ ಯಾರು ಕಲಿಸಿದರು? ಕ್ಯಾಪಿಟೇಶನ್ ಶುಲ್ಕ ತಗೋಬಾರದು ಅಂತ ಕರ್ನಾಟಕ 1984ರಲ್ಲೇ ಕಾನೂನು ಮಾಡಿತ್ತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಆ ಕೇಸೂ ನಮ್ಮದೇ ರಾಜ್ಯದ್ದು. ಇಷ್ಟಾದರೂ ‘ಸೀಟು’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕೈ ಜೇಬಿನ ಕಡೆ ಹೋಗುತ್ತದೆ. ಏಳು ಸಮುದ್ರ ದಾಟಿದರೂ.

ನಾನು ಇದರಲ್ಲಿ ಸಿಕ್ಕಿಕೊಂಡಿದ್ದು ಲೆಕ್ಕ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಮಗನಿಗೆ ಮೊದಲು ಪಾಠ ಹೇಳಿದ್ದ ಟೀಚರ್ ಒಬ್ಬರು ಒಂದು ಸಂಜೆ ಫೋನ್ ಮಾಡಿ, ‘ಒಂದು ಎಕ್ಸೆಲ್ ನೋಡಿಕೊಡ್ತೀಯಾ?’ ಅಂದರು. ನಮ್ಮೂರಿನ ಹೈವೇ ಆಚೆಗಿನ ಮಕ್ಕಳಿಗೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಓದು ಕಲಿಸುವ ಚಿಕ್ಕ ಶಾಲೆ ಬೇಕು ಅನ್ನುವುದು ಅವರ ಆಸೆ. ಆ ಕಡೆ ಗೋಡೌನುಗಳಲ್ಲಿ, ತೋಟಗಳಲ್ಲಿ ದುಡಿಯುವವರ ಮನೆಗಳಿವೆ. ಮೂರನೇ ಕ್ಲಾಸಿಗೆ ಬಂದರೂ ಒಂದು ಪುಟ ಓದಲಾಗದ ಮಕ್ಕಳನ್ನು ಅವರು ವರ್ಷಗಟ್ಟಲೆ ನೋಡಿದ್ದಾರೆ. ನೋಡಿಕೊಡ್ತೀನಿ ಅಂದೆ. ಬುದ್ಧಿ ಇರಲಿಲ್ಲ.

ಅರ್ಜಿಗೆ ಇಲ್ಲಿ ಪಿಟಿಷನ್ ಅನ್ನುತ್ತಾರೆ. ಅದರಲ್ಲಿ 15 ಅಂಶಗಳಿಗೆ ಕಾನೂನು ಉತ್ತರ ಕೇಳುತ್ತದೆ. ಏನು ಕಲಿಸುತ್ತೀರಿ, ಕಲಿತಿದ್ದು ಹೇಗೆ ಅಳೆಯುತ್ತೀರಿ, ಆಡಳಿತ ಯಾರದು, ಮಗುವನ್ನು ಸಸ್ಪೆಂಡ್ ಮಾಡುವುದಾದರೆ ಹೇಗೆ, ಸಿಬ್ಬಂದಿಯ ಪಿಂಚಣಿ ಏನು, ಆಡಿಟ್ ಯಾರು ಮಾಡುತ್ತಾರೆ. ಕೊನೆಯದು ನನಗೆ ಬಹಳ ಇಷ್ಟ: ಶಾಲೆ ಮುಚ್ಚಿದರೆ ಮಕ್ಕಳ ದಾಖಲೆ ಯಾರಿಗೆ, ಉಳಿದ ಆಸ್ತಿ ಏನು ಮಾಡುತ್ತೀರಿ? ಇನ್ನೂ ಒಂದು ಬೆಂಚು ಕೊಂಡಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋದು ಕೇಳಿದ್ದೆ, ತಿಥಿ ಖರ್ಚು ಬರೆದಿಡೋದು ಇಲ್ಲೇ ಕಂಡಿದ್ದು.

ನನ್ನ ಪಾಲಿಗೆ ಬಂದಿದ್ದು ಬಜೆಟ್. ಮೊದಲ ವರ್ಷದ ಖರ್ಚು, ಮೂರು ವರ್ಷದ ದುಡ್ಡಿನ ಹರಿವು. ಇಲ್ಲೊಂದು ಗುಂಡಿ ಇದೆ. ಕ್ಯಾಲಿಫೋರ್ನಿಯಾ ದುಡ್ಡು ಕೊಡುವುದು ದಾಖಲಾದ ಮಕ್ಕಳ ಲೆಕ್ಕಕ್ಕಲ್ಲ, ದಿನಾ ಸರಾಸರಿ ಎಷ್ಟು ಮಕ್ಕಳು ಬಂದರು ಅನ್ನುವ ಲೆಕ್ಕಕ್ಕೆ. 120 ಮಕ್ಕಳು ಸೇರಿ ಸರಾಸರಿ 110 ಬಂದರೆ 110ಕ್ಕೇ ಕಾಸು. ಟೀಚರ್ ಸಂಬಳ ಮಾತ್ರ ಪೂರ್ತಿ. ಜ್ವರದ ಸೀಸನ್ ಬಂತು ಅಂದರೆ ನನ್ನ ಎಕ್ಸೆಲ್ಲಿಗೂ ನೆಗಡಿ. ನಾನು ಹಾಜರಾತಿ ಶೇ. 96 ಅಂತ ಹಾಕಿದ್ದೆ. ಯಾಕೆ? ನನ್ನ ಮಗನ ಶಾಲೆಯಲ್ಲಿ ಹಾಗಿತ್ತು. ಆ ಶಾಲೆಯ ಮಕ್ಕಳಿಗೆ ಕಾರಿದೆ, ಡಾಕ್ಟರಿದ್ದಾರೆ, ಮನೆಯಲ್ಲಿ ಅಜ್ಜಿ ಇದ್ದಾರೆ. ಆ ಒಂದು ಅಂಕಿ ಆಮೇಲೆ ನಮ್ಮ ಕುತ್ತಿಗೆಗೇ ಬಂತು.

ಸಹಿಗಳ ಕತೆ ಬೇರೆ. ಮೊದಲ ವರ್ಷ ಎಷ್ಟು ಮಕ್ಕಳು ಬರಬಹುದು ಅನ್ನುತ್ತೀರೋ ಅದರ ಅರ್ಧದಷ್ಟು ಮಕ್ಕಳ ತಂದೆತಾಯಿ ಸಹಿ ಹಾಕಬೇಕು. ಇಲ್ಲವೇ, ಬೇಕಾಗುವ ಟೀಚರುಗಳಲ್ಲಿ ಅರ್ಧ ಜನ ಹಾಕಿದರೂ ಸಾಕು. ನಮಗೆ ಬೇಕಿದ್ದ ಟೀಚರುಗಳು ಆರು. ಮೂರು ಸಹಿ ಹತ್ತು ನಿಮಿಷದ ಕೆಲಸ. ಆದರೆ ಅಪ್ಪ ಅಮ್ಮಂದಿರೇ ಕೇಳದ ಶಾಲೆ ಯಾಕೆ ಅಂತ ನಮ್ಮಲ್ಲೇ ಜಗಳವಾಗಿ, 60 ಸಹಿ ತರೋಣ ಅಂತ ತೀರ್ಮಾನವಾಯಿತು. ಅದಕ್ಕೇ ಆ ಎಂಟು ಕ್ಲಿಪ್‌ಬೋರ್ಡು.

ಹೈವೇ ಆಚೆಯವರ ಮನೆಗಳಲ್ಲಿ ವಾಷಿಂಗ್ ಮಷೀನ್ ಇಲ್ಲ. ಭಾನುವಾರ ಸಂಜೆ ಎಲ್ಲರೂ ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರಿಗೆ ಬರುತ್ತಾರೆ. ನಾವೂ ಅಲ್ಲಿಗೇ ಹೋದೆವು. ಡ್ರೈಯರಿನ ಬಿಸಿ, ಸೋಪಿನ ಘಮ, ಕಾಲಿಗೆ ಸಿಗುವ ಮಕ್ಕಳು. ಒಬ್ಬ ತಾಯಿ ಟವೆಲ್ ಮಡಚುತ್ತಾ ನಮ್ಮ ಮಾತು ಕೇಳಿದಳು. ಪೆನ್ನು ತಗೊಂಡಳು. ಸಹಿಯ ಮೇಲೆ ದಪ್ಪಕ್ಷರದಲ್ಲಿ ಒಂದು ವಾಕ್ಯ ಇರಲೇಬೇಕು. ನನ್ನ ಮಗುವನ್ನು ಈ ಶಾಲೆಗೆ ಕಳಿಸುವುದರಲ್ಲಿ ನಿಜವಾದ ಆಸಕ್ತಿ ಇದೆ, ಅಂತ ಅದರ ಅರ್ಥ. ಅದನ್ನು ಬೆರಳಿಟ್ಟು ಓದಿದಳು. ಆಮೇಲೆ ನನ್ನ ಜೊತೆಗಿದ್ದವಳನ್ನು ಸ್ಪ್ಯಾನಿಷಿನಲ್ಲಿ ಏನೋ ಕೇಳಿದಳು.

‘ಸಹಿ ಹಾಕಿದರೆ ಸೀಟು ಗ್ಯಾರಂಟಿನಾ ಅಂತ ಕೇಳ್ತಿದ್ದಾಳೆ.’

ಇಲ್ಲ, ಲಾಟರಿ ಅಂದೆವು. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಸಹಿ ಹಾಕಿ ಟವೆಲ್ ಮಡಚೋಕೆ ವಾಪಸ್ ಹೋದಳು. ಅಂಕಲ್ ಕೇಳಿದ್ದೂ ಇದನ್ನೇ ಅಲ್ವಾ? ಅವರ ಮೇಲೆ ಉರಿದುಬಿದ್ದ ನನಗೆ ಇವಳ ಮೇಲೆ ಸಿಟ್ಟೇ ಬರಲಿಲ್ಲ. ಇದು ನ್ಯಾಯವಾ, ಗೊತ್ತಿಲ್ಲ.

83 ಸಹಿ ಸಿಕ್ಕವು. ಮಗು ಐದನೇ ಕ್ಲಾಸಿನಲ್ಲಿರುವವರನ್ನೆಲ್ಲ ಹೊಡೆದುಹಾಕಿ ಉಳಿದದ್ದು 71.

ಈಗ, ಎರಡು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಶಾಲೆ ಬಂದರೆ ಪಕ್ಕದ ಶಾಲೆಯ ಗತಿ ಏನು?

ಕನ್ನಡದವರು ಯಾರೂ ಕೇಳಲಿಲ್ಲ. ಕೇಳಿದ್ದು ಹಿಯರಿಂಗಿನಲ್ಲಿ ಒಬ್ಬ ಟೀಚರ್. ಅರ್ಜಿ ಕೊಟ್ಟ 60 ದಿನದೊಳಗೆ ಬಹಿರಂಗ ಸಭೆ ಆಗಬೇಕು, 90 ದಿನದೊಳಗೆ ತೀರ್ಮಾನ. ಮಾತಾಡುವವರು ಚೀಟಿ ಬರೆದುಕೊಡಬೇಕು. ಒಬ್ಬರಿಗೆ ಎರಡು ನಿಮಿಷ, ಎದುರಿಗೆ ಹಸಿರು, ಹಳದಿ, ಕೆಂಪು ದೀಪ. ವಿರೋಧದವರು ಒಂದೇ ಬಣ್ಣದ ಟೀ ಶರ್ಟಿನಲ್ಲಿ ಬಂದಿದ್ದರು. ನಮ್ಮವರೂ ಟೀ ಶರ್ಟ್ ಹೊಲಿಸಬೇಕಿತ್ತು ಅಂತ ಯೋಚಿಸುತ್ತಾ ಕೂತಿದ್ದೆ, ನಿಜ ಹೇಳಬೇಕಂದರೆ. ಆ ಟೀಚರ್ ಕೂಗಾಡಲಿಲ್ಲ. ಲೆಕ್ಕ ಹೇಳಿದರು. ‘ನಮ್ಮ ಶಾಲೆಯಿಂದ ಇವರು ಒಂದೊಂದು ಕ್ಲಾಸಿಂದ ನಾಲ್ಕೈದು ಮಕ್ಕಳನ್ನ ಕರ್ಕೊಂಡು ಹೋಗ್ತಾರೆ. ಮಕ್ಕಳ ಜೊತೆ ದುಡ್ಡೂ ಹೋಗುತ್ತೆ. ಆದರೆ ಬಸ್ಸು ಅಷ್ಟೇ ದೂರ ಓಡಬೇಕು, ಕರೆಂಟ್ ಬಿಲ್ ಅಷ್ಟೇ ಬರುತ್ತೆ, ನರ್ಸ್ ಸಂಬಳ ಅಷ್ಟೇ ಇರುತ್ತೆ. ಉಳಿದ ಮಕ್ಕಳಿಂದ ನಾನು ಏನು ಕಿತ್ಕೊಳ್ಳಲಿ, ಲೈಬ್ರರಿನಾ, ಸಂಗೀತನಾ?’

ಕೆಂಪು ದೀಪ ಬಂತು. ಅವರು ಹೋಗಿ ಕೂತರು.

ಬಜೆಟ್ ಬರೆದವಳು ನಾನು. ಲೆಕ್ಕ ಸರಿ ಇತ್ತು. 2019ರಲ್ಲಿ ಬಂದ ಅಸೆಂಬ್ಲಿ ಬಿಲ್ 1505ರ ನಂತರ ಡಿಸ್ಟ್ರಿಕ್ಟುಗಳು ಹೊಸ ಚಾರ್ಟರಿನಿಂದ ತಮ್ಮ ಬೊಕ್ಕಸಕ್ಕೆ ಬೀಳುವ ಹೊಡೆತವನ್ನೂ ನೋಡಿ ಬೇಡ ಅನ್ನಬಹುದು. ನಮ್ಮವರು ಅದನ್ನು ‘ಶಾಲೆ ಕೊಲ್ಲೋ ಕಾನೂನು’ ಅಂತ ಬೈಯುತ್ತಾರೆ. ನಾನು ಅವರೆದುರು ಸುಮ್ಮನಿರುತ್ತೇನೆ.

ಸುಮ್ಮನಿರಲು ಕಾರಣ ಇದೆ. ನಮ್ಮಮ್ಮ ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದರು. ಮೇ ಕೊನೆ ಬಂತೆಂದರೆ ಅಮ್ಮನಿಗೆ ದಾಖಲಾತಿ ಆಂದೋಲನದ ಓಡಾಟ. ಬಿಸಿಲಲ್ಲಿ ಮನೆ ಮನೆಗೆ ಹೋಗಿ, ‘ನಮ್ಮಲ್ಲಿ ಬಿಸಿಯೂಟ ಇದೆ, ಹಾಲು ಇದೆ, ಪುಸ್ತಕ ಕೊಡ್ತೀವಿ, ಕಳಿಸ್ರವ್ವಾ’ ಅಂತ ಕೇಳಿಕೊಳ್ಳೋರು. ಅಷ್ಟು ಹೊತ್ತಿಗೆ ಹಳದಿ ವ್ಯಾನೊಂದು ಊರ ಬಾಗಿಲಿಗೆ ಬಂದು ಹಾರನ್ ಹೊಡೆಯೋದು. ಪಟ್ಟಣದ ಕಾನ್ವೆಂಟಿನದು. ವ್ಯಾನು ಹತ್ತಿದ ಪ್ರತಿ ಮಗುವಿನ ಹೆಸರು ಅಮ್ಮನಿಗೆ ಗೊತ್ತಿತ್ತು. ಅವರು ನಿವೃತ್ತರಾಗುವಾಗ ಶಾಲೆಯಲ್ಲಿ 11 ಮಕ್ಕಳಿದ್ದರು. ಆಮೇಲೆ ಮಕ್ಕಳ ಕೊರತೆ ಅಂತ ಬೀಗ ಹಾಕಿದರು.

ಹಿಯರಿಂಗ್ ಮುಗಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

‘ಆ ಪಕ್ಕದ ಸ್ಕೂಲಿಂದ ಎಷ್ಟು ಮಕ್ಕಳು ಬರ್ತಾರೆ ನಿಮ್ಮಲ್ಲಿಗೆ?’

‘ಮೂವತ್ತರ ಹತ್ರ ಇರಬಹುದು.’

‘ಒಂದು ಪೋಸ್ಟ್ ಹೋಯ್ತು’ ಅಂದರು. ಬೈಗುಳ ಅಲ್ಲ. ಮೂವತ್ತು ಮಕ್ಕಳಿಗೆ ಒಬ್ಬ ಟೀಚರ್, ಅದು ಅವರಿಗೆ ಬಾಯಿಪಾಠ. ಸ್ವಲ್ಪ ತಡೆದು, ‘ಆ ಬಟ್ಟೆ ಒಗೆಯೋಳ ಮಗಳಿಗೆ ಓದು ಬರುತ್ತಾ?’ ಅಂತ ಕೇಳಿದರು. ಬರಲ್ಲಂತೆ ಅಂದೆ. ಅದಕ್ಕೆ ಏನೂ ಹೇಳಲಿಲ್ಲ. ಊಟ ಆಯ್ತಾ ಅಂದರು.

ಹಾಗಾದರೆ ಬಿಟ್ಟುಬಿಡಬಹುದಲ್ಲ ಅನ್ನುತ್ತೀರಾ? ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಹುಡುಗಿಗೆ, ಡಿಸ್ಟ್ರಿಕ್ಟಿನ ಬಜೆಟ್ ಸರಿಹೋಗಲಿ, ಅಲ್ಲೀತನಕ ಓದು ಕಲಿಯೋದು ತಡಿ ಅನ್ನೋಕೆ ನನಗೆ ಬಾಯಿ ಬರುತ್ತಿಲ್ಲ. ವ್ಯಾನಿನ ಹಾರನ್ನೂ ಕಿವಿಯಿಂದ ಹೋಗುತ್ತಿಲ್ಲ.

ಡಿಸ್ಟ್ರಿಕ್ಟ್ ಬೋರ್ಡಿನಲ್ಲಿ ಅರ್ಜಿ ತಿರಸ್ಕಾರವಾಯಿತು, 4–1 ಮತದಲ್ಲಿ. ಹದಿನೈದು ದಿನ ಮೊದಲೇ ಬಂದ ಸಿಬ್ಬಂದಿ ವರದಿಯಲ್ಲಿ ಮೊದಲು ಹಿಡಿದಿದ್ದೇ ನನ್ನ ಶೇ. 96ನ್ನ. ಅದು ಬಿದ್ದರೆ ಎರಡನೇ ವರ್ಷ ಸಂಬಳಕ್ಕೆ ದುಡ್ಡಿಲ್ಲ ಅಂತ ಕೂಡಿ ಕಳೆದು ತೋರಿಸಿದ್ದರು. ಸರಿಯಾಗಿಯೇ ತೋರಿಸಿದ್ದರು. ಮೂವತ್ತು ದಿನದೊಳಗೆ ಕೌಂಟಿಯ, ಅಂದರೆ ಜಿಲ್ಲೆಯ, ಶಿಕ್ಷಣ ಬೋರ್ಡಿಗೆ ಮೇಲ್ಮನವಿ ಹಾಕಬಹುದಿತ್ತು. ತಪ್ಪು ಲೆಕ್ಕ ಹಿಡ್ಕೊಂಡು ಮೇಲೆ ಹೋಗೋದು ಬೇಡ, ಹೊಸದಾಗಿ ಬರೆಯೋಣ ಅಂತ ನಾನೇ ಹಟ ಮಾಡಿದೆ. ಈ ಸಲ ಶೇ. 91 ಹಾಕಿದ್ದೇನೆ. ಒಂದು ಟೀಚರ್ ಹುದ್ದೆ ಕಡಿಮೆಯಾಯಿತು. ಮಕ್ಕಳು 120 ಇದ್ದದ್ದು 96ಕ್ಕೆ ಇಳಿಯಿತು.

ಹೊಸ ಅರ್ಜಿಗೆ ಹೊಸ ಸಹಿಗಳು ಬೇಕು, 48. ಭಾನುವಾರ ಸಂಜೆ ನಾಲ್ಕಕ್ಕೆ ಮತ್ತೆ ಲಾಂಡ್ರಿ. ಸ್ಪ್ಯಾನಿಷ್ ಬರುವ ಕನ್ನಡದವರು ಯಾರಾದರೂ ಇದ್ದರೆ ಬನ್ನಿ, ಕ್ಲಿಪ್‌ಬೋರ್ಡ್ ನನ್ನ ಹತ್ತಿರ ಇವೆ. ಅಂಕಲ್, ನೀವೂ ಬರಬಹುದು. ಪೆನ್ನು ಮಾತ್ರ ಖಾಲಿಯಾಗಿವೆ, ಒಂದು ಡಬ್ಬ ತಗೊಂಡು ಬನ್ನಿ. ಎಷ್ಟು ಹಾಕಿದ್ರಿ ಅಂತ ನಾನು ಕೇಳಲ್ಲ.