ಅಟ್ಟ ಹತ್ತಿದ ಕೆಂಚ

ಬೆಕ್ಕು ಮನೆಯೊಳಗೆ ಸಾಯೋದಿಲ್ಲ ಅನ್ನೋದು ನಮ್ಮಜ್ಜಿಯ ಗಟ್ಟಿ ನಂಬಿಕೆ. ಕೊನೆಗಾಲ ಬಂತು ಅಂತ ಅದಕ್ಕೇ ಗೊತ್ತಾಗುತ್ತದಂತೆ, ಎದ್ದು ಎಲ್ಲಿಗೋ ಹೋಗಿಬಿಡುತ್ತದಂತೆ. ಹಾಗಾಗಿ ಕೆಂಚ ಎರಡು ಹೊತ್ತು ಹಾಲಿಗೆ ಬರದಿದ್ದಾಗ, "ಹುಡುಕ್ಬೇಡ್ರೋ, ಅದರ ಪಾಡಿಗೆ ಬಿಡಿ" ಅಂದುಬಿಟ್ಟಳು.

ಕೆಂಚನಿಗೆ ಹದಿನಾಲ್ಕು ದಾಟಿತ್ತು. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಷ್ಟು ವರ್ಷ ಬಾಳಿದ ಬೆಕ್ಕು ಇನ್ನೊಂದಿಲ್ಲ. ಹೆಚ್ಚಿನವು ನಾಯಿಗೋ ಚಿರತೆಗೋ ಹೋದವು. ಇವನು ಮೊದಲಿನಿಂದಲೂ ಒಂಟಿ ಗಿರಾಕಿ. ಇಲಿ ಹಿಡಿದರೆ ಗೊಬ್ಬರದ ಗುಂಡಿ ಹಿಂದೆ ಕೂತು ಒಬ್ಬನೇ ತಿಂದು ಮುಗಿಸುತ್ತಿದ್ದ. ಆಚೀಚೆ ಮನೆಯ ಬೆಕ್ಕುಗಳ ಜೊತೆ ಜಗಳವೂ ಇಲ್ಲ, ಗೆಳೆತನವೂ ಇಲ್ಲ.

ಅಜ್ಜಿ ಬೇಡ ಅಂದರೂ ಸೌದೆ ಕೊಟ್ಟಿಗೆ, ಹುಲ್ಲಿನ ಬಣವೆ, ಬಚ್ಚಲೊಲೆ ಎಲ್ಲ ನೋಡಿದೆವು. ಕೊನೆಗೆ ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಅಡಿಕೆ ಮೂಟೆಗಳ ಹಿಂದೆ, ಮೂಲೆಗೆ ಮುಖ ಮಾಡಿ ಕೂತಿದ್ದ. ನಾಲ್ಕೂ ಕಾಲು ಮಡಚಿ, ಬೆನ್ನು ಗೂನು ಮಾಡಿಕೊಂಡಿದ್ದ. ದಿನವಿಡೀ ಮೈ ನೆಕ್ಕಿಕೊಳ್ಳುತ್ತಿದ್ದವನ ಕೂದಲು ಅಲ್ಲಲ್ಲಿ ಗಂಟು ಕಟ್ಟಿತ್ತು. ಬಾಯಿಂದ ಉಚ್ಚೆಯಂಥ ವಾಸನೆ. ಎತ್ತಿಕೊಂಡರೆ ಗುರ್ ಗುರ್ ಅಂದ. ಖುಷಿಗೆ ಮಾತ್ರ ಅಲ್ಲ, ನೋವಿದ್ದಾಗಲೂ ಬೆಕ್ಕುಗಳು ಹಾಗೆ ಅನ್ನುತ್ತವೆ.

ಪಶು ಡಾಕ್ಟರು ಕತ್ತಿನ ಚರ್ಮ ಹಿಡಿದೆತ್ತಿ ಬಿಟ್ಟರು. ಎತ್ತಿದ ಮಡಿಕೆ ಹಾಗೇ ನಿಂತಿತು. ಮೈಯಲ್ಲಿ ನೀರೇ ಇರಲಿಲ್ಲ. ಕಿಡ್ನಿ ತೊಂದರೆ. ಮುದಿ ಬೆಕ್ಕುಗಳಿಗೆ ಇದು ಜಾಸ್ತಿ, ಅರ್ಧಕ್ಕಿಂತ ಹೆಚ್ಚು ಹಾಳಾಗುವವರೆಗೂ ಹೊರಗೆ ಗೊತ್ತಾಗುವುದಿಲ್ಲ. ಆ ಮಳೆಗಾಲದಲ್ಲೂ ದನದ ಬಾನಿಗೆ ಮೂತಿ ಹಾಕಿ ಅವನು ನೀರು ಕುಡಿಯುತ್ತಿದ್ದುದು ಇದಕ್ಕೇ.

ಅಜ್ಜಿಯ ಮಾತು ಹೇಳಿದಾಗ ಡಾಕ್ಟರು ನಕ್ಕರು. "ಸಾವು ಗೀವು ಅದಕ್ಕೇನು ಗೊತ್ತು? ಹುಷಾರಿಲ್ಲದ ಬೆಕ್ಕು ಅಡಗಿ ಕೂರುತ್ತೆ, ಅಷ್ಟೆ. ನೀವು ಸುಮ್ನೆ ಬಿಟ್ಟಿದ್ರೆ ಅಲ್ಲೇ ಸಾಯ್ತಿತ್ತು. ಆಗ ಅಜ್ಜಿ ಹೇಳಿದ್ದೇ ನಿಜ ಆಗ್ತಿತ್ತು."

ಯೋಚಿಸಿದರೆ ಹೌದಲ್ವಾ? ಬೆಕ್ಕು ಬೇಟೆಗೆ ಒಬ್ಬಂಟಿಯಾಗಿ ಹೋಗುವ ಪ್ರಾಣಿ. ಕಾಯಲು ಹಿಂಡಿಲ್ಲ. ದೊಡ್ಡ ಪ್ರಾಣಿಗಳಿಗೆ ಅದೇ ಊಟ. ಓಡಲಾಗದ ದಿನ ಕಣ್ಣಿಗೆ ಬೀಳದಿರುವುದೊಂದೇ ಅದಕ್ಕೆ ಉಳಿಯುವ ದಾರಿ.

ಚರ್ಮದಡಿಗೆ ಸಲೈನ್ ಹಾಕಿಸಿಕೊಂಡು, ಭುಜದ ಮೇಲೆ ಒಂಟೆ ಡುಬ್ಬದ ಹಾಗೆ ಉಬ್ಬಿಸಿಕೊಂಡು ಮನೆಗೆ ಬಂದ. ಮರುದಿನ ಮೀನಿನ ಸಾರಿನ ತಿಳಿ ನೆಕ್ಕಿದ. ದೀಪಾವಳಿಯವರೆಗೂ ಚೆನ್ನಾಗಿಯೇ ಇದ್ದ. ಆಮೇಲೆ ಮತ್ತೆ ಊಟ ಬಿಟ್ಟ, ಮತ್ತೆ ಮೂಲೆ ಹುಡುಕತೊಡಗಿದ. ಇನ್ನು ಮಾಡುವಂಥದ್ದೇನೂ ಇಲ್ಲ ಅಂದರು ಡಾಕ್ಟರು. ಅವನಿಗೆ ಮರೆ ಬೇಕಿತ್ತು, ನಮಗೆ ಅವನು ಕೈಗೆಟುಕಬೇಕಿತ್ತು. ಅದಕ್ಕೆ ಅಟ್ಟದ ಏಣಿಯ ಕೆಳಗೆ ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿ, ಅಮ್ಮನ ಹಳೇ ಸೀರೆ ಹಾಸಿ, ಬಾಯಿಗೆ ಗೋಣಿಚೀಲ ಇಳಿಬಿಟ್ಟೆವು. ನೀರಿನ ಬಟ್ಟಲು ಪಕ್ಕದಲ್ಲೇ. ಒಳಗೆ ಹೋದವನು ಹೊರಗೆ ಬರಲು ಹವಣಿಸಲಿಲ್ಲ. ಮೂರನೇ ದಿನ ಅಲ್ಲೇ ತೀರಿಕೊಂಡ.

"ನೋಡಜ್ಜಿ, ಮನೇಲೇ ಹೋದ" ಅಂದೆ.

"ಏಣಿ ಹತ್ತೋಕೆ ತ್ರಾಣ ಇದ್ದಿದ್ರೆ ಹೋಗ್ತಿತ್ತು ಬಿಡು" ಅಂದಳು ಅಜ್ಜಿ.