ಕಾಲು ಹಿಡಿದ ಮುಳ್ಳು

ಭಾನುವಾರ ಮಗಳ ಸೈಕಲ್ ಮತ್ತೆ ಪಂಕ್ಚರ್. ತಿಂಗಳಲ್ಲಿ ಮೂರನೇ ಸಲ. ಪಂಕ್ಚರ್ ಅಂಗಡಿಯವರು ಇಕ್ಕಳದಿಂದ ಮುಳ್ಳು ಕಿತ್ತು ನನ್ನ ಅಂಗೈಗೆ ಹಾಕಿದರು. "ನೆಗ್ಗಿನ ಮುಳ್ಳರೀ" ಅಂದರು.

ಸೋಮವಾರ ಬೆಳಿಗ್ಗೆ ಸಿಟ್ಟಿನಲ್ಲೇ ಕುರ್ಪಿ ಹಿಡಿದು ಪಕ್ಕದ ಖಾಲಿ ಸೈಟಿಗೆ ಹೋದೆ. ಅಲ್ಲಿ ಆಡು ಬಿಟ್ಟುಕೊಂಡು ಒಬ್ಬ ಆಯಿ ಕೂತಿದ್ದಳು. ನನ್ನ ರಭಸ ನೋಡಿ ಅಂದಳು: "ಅದರ ಮ್ಯಾಲ ಯಾಕ ಸಿಟ್ಟ ತಮ್ಮಾ? ಅದಕ್ಕ ಕಾಲಿಲ್ಲ. ಮಂದೀ ಕಾಲ ಹಿಡಕೊಂಡು ಹೋಗತೈತಿ."

ಕಾಲು ಹಿಡಿಯೋದು ಅಂದ್ರೆ ಬೇಡಿಕೊಳ್ಳೋದು ಅಲ್ವಾ. ಕುರ್ಪಿ ಕೆಳಗಿಟ್ಟು ಕೂತೆ.

ನೆಗ್ಗಿನ ಗಿಡ ನೆಲಕ್ಕೆ ಅಂಟಿಕೊಂಡು ಸುತ್ತಲೂ ಹಬ್ಬಿತ್ತು. ಕಡಲೆ ಎಲೆಯಂಥ ಸಣ್ಣ ಎಲೆ, ಮೇಲೆ ನವಿರಾದ ರೋಮ. ಐದು ಎಸಳಿನ ಹಳದಿ ಹೂವು, ಉಗುರಿನಷ್ಟು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗುವ ಹೂವು. ಕಾಯಿ ಒಣಗಿದರೆ ಐದು ಹೋಳು. ಒಂದೊಂದು ಹೋಳಿಗೂ ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮೇಲಕ್ಕೇ ನೋಡುತ್ತದೆ. ಆಯುರ್ವೇದದ ಹತ್ತು ಬೇರುಗಳ ಮದ್ದು ದಶಮೂಲದಲ್ಲಿ ಬರುವ ಗೋಕ್ಷುರ ಇದೇ. ಥಾರ್ ಮರುಭೂಮಿಯಲ್ಲೂ ಬೆಳೆಯುತ್ತದೆ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಬೀಜ. ಮಳೆ ಬಿದ್ದಾಗ ಹುಟ್ಟುವ ಗಿಡ ಕೆಲವೇ ತಿಂಗಳಲ್ಲಿ ಒಣಗಿ ಸಾಯುತ್ತದೆ. ಆದರೆ ಒಂದೇ ಹೋಳಿನಲ್ಲಿರುವ ಬೀಜಗಳೆಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಒಂದು ಮೊದಲು ಹೊರಡುತ್ತದೆ, ಉಳಿದವು ಮಣ್ಣಲ್ಲಿ ಕಾಯುತ್ತವೆ. ಮೊದಲನೆಯದಕ್ಕೆ ಮಳೆ ಕೈಕೊಟ್ಟರೂ ವಂಶ ಉಳಿಯಿತು. ನಮ್ಮ ವಿಜಯಪುರದ ಕಡೆ ಬರ ಬಂದಾಗ ಎಷ್ಟು ಮನೆಗಳಲ್ಲಿ ಹೀಗೇ ಆಗಿಲ್ಲ? ಗಂಡ ಹೆಂಡತಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗುತ್ತಾರೆ. ಮುದುಕರು, ಮಕ್ಕಳು ಊರಲ್ಲಿ ಉಳಿಯುತ್ತಾರೆ, ಮುಂದಿನ ಮಳೆಗೆ. ಆಯಿಯ ಮನೆಯ ಕಥೆ ಏನೋ, ಕೇಳುವ ಧೈರ್ಯ ಬರಲಿಲ್ಲ.

ಎದುರು ಮನೆಯವರು ಕಳೆನಾಶಕ ಹೊಡೆಸಿಬಿಡಿ ಅನ್ನುತ್ತಿದ್ದಾರೆ. ಒಳ್ಳೆಯ ಮನುಷ್ಯರೇ, ಕಷ್ಟಕ್ಕೆ ಆಗುತ್ತಾರೆ. ಆದರೆ ಅಂಗಳದಲ್ಲಿ ಒಂದು ಗೇಣು ಮಣ್ಣು ಉಳಿಸಿಲ್ಲ, ಎಲ್ಲ ಟೈಲ್ಸ್. ಆಡು ಮೇಯುವ ಜಾಗಕ್ಕೆ ವಿಷ ಹೊಡೆಸಲು ನನಗೆ ಮನಸ್ಸಿಲ್ಲ. ಹಾಗಂತ ಹೇಳಿಯೂ ಬಂದೆ.

ಅದಕ್ಕ ಕಾಲಿಲ್ಲ. ವಾರವಿಡೀ ಅದೇ ಮಾತು ಕಿವಿಯಲ್ಲಿದೆ.

ದಾರಿಗೆ ಬಂದಿದ್ದನ್ನಷ್ಟೇ ಬೇರುಸಹಿತ ಕಿತ್ತೆ. ಹಳೆಯ ಮುಳ್ಳು ಇನ್ನೂ ಮಣ್ಣಲ್ಲಿವೆ. ಮಗಳು ಡಾಂಬರು ರಸ್ತೆ ಮುಟ್ಟುವ ತನಕ ಸೈಕಲ್ ಎತ್ತಿಕೊಂಡೇ ಹೋಗುತ್ತಾಳೆ.