ಬೈಕ್ ಪ್ರವಾಸದ ನಡುವೆ ಜಿಯೋಕ್ಯಾಶಿಂಗ್: ಐದು ದಿನಗಳ ಅನುಭವ

ಜಿಯೋಕ್ಯಾಶಿಂಗ್ ಎಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ. ಐದು ದಿನಗಳ ಬೈಕ್ ಪ್ರವಾಸದಲ್ಲಿ ನಾನು ಹುಡುಕಿದ್ದು ಇಂತಹ 14 ಡಬ್ಬಿಗಳನ್ನು, ಸಿಕ್ಕಿದ್ದು 9. ಮೊದಲ ದಿನವೇ ಆರಕ್ಕೆ ಕೈ ಹಾಕಿ ಎರಡನ್ನು ಮಾತ್ರ ಕಂಡು, ಕತ್ತಲಾದ ಮೇಲೆ, ಬಹಳ ದಣಿದು ತಂಗುವ ಸ್ಥಳವನ್ನು ಸೇರಿದೆ. ಒಂದೊಂದಕ್ಕೆ ಹತ್ತು ನಿಮಿಷ ಸಾಕು ಎಂದು ನಾನು ಹಾಕಿಕೊಂಡಿದ್ದ ಲೆಕ್ಕದಲ್ಲಿ ಹೆಲ್ಮೆಟ್, ಕೈಗವಸು ತೆಗೆಯುವುದು, ಗಾಡಿಗೆ ಬೀಗ ಹಾಕುವುದು, ಭಾರದ ಬೂಟುಗಳಲ್ಲಿ ನಡೆಯುವುದು ಯಾವುದೂ ಸೇರಿರಲಿಲ್ಲ. ವಾಸ್ತವದಲ್ಲಿ ಪ್ರತಿಯೊಂದಕ್ಕೂ ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯಿತು. ಉಳಿದ ನಾಲ್ಕು ದಿನ ದಿನಕ್ಕೆ ಎರಡರಂತೆ ಹುಡುಕಿದಾಗ ಎಂಟರಲ್ಲಿ ಏಳು ಸಿಕ್ಕವು. ಹೊಸಬರು ಈ ಎರಡರ ಮಿತಿಯಿಂದಲೇ ಆರಂಭಿಸುವುದು ಒಳ್ಳೆಯದು.

ಆಟದ ಸ್ವರೂಪ ಸರಳ. ಯಾರೋ ಒಂದು ಡಬ್ಬಿಯನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಆಟದ ಜಾಲತಾಣ ಅಥವಾ ಆ್ಯಪಿನಲ್ಲಿ ಪ್ರಕಟಿಸುತ್ತಾರೆ. ಹುಡುಕಿದವರು ಒಳಗಿರುವ ಚೀಟಿಯಲ್ಲಿ ತಮ್ಮ ಆಟದ ಹೆಸರು ಮತ್ತು ದಿನಾಂಕ ಬರೆದು, ಡಬ್ಬಿಯನ್ನು ಇದ್ದಂತೆಯೇ ಮತ್ತೆ ಇಡುತ್ತಾರೆ. ನಾಗರಿಕರಿಗೆ ದೊರೆಯುವ ಜಿಪಿಎಸ್ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸುತ್ತಿದ್ದ ಕ್ರಮವನ್ನು ಅಮೆರಿಕ 2000ದ ಮೇ ಆರಂಭದಲ್ಲಿ ಕೈಬಿಟ್ಟಿತು. ಅದರ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಒರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟರು. ಆಟ ಆರಂಭವಾದದ್ದು ಅಲ್ಲಿಂದ.

ಆ ಬಕೆಟ್ಟಿನ ಅಕ್ಷಾಂಶ ಉತ್ತರ 45° 17.460′. ಹೊಸಬರು ಎಡವುವುದು ಇಂತಹ ಸಂಖ್ಯೆಯಲ್ಲೇ. ಇದು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿದೆ. ಬಹುಪಾಲು ನಕ್ಷೆಯ ಆ್ಯಪ್‌ಗಳು ತೋರಿಸುವುದು ದಶಮಾಂಶ ಡಿಗ್ರಿಗಳನ್ನು. ನಿಮಿಷವನ್ನು 60ರಿಂದ ಭಾಗಿಸಿದರೆ 45.2910 ಬರುತ್ತದೆ. ಅದನ್ನು ಬಿಟ್ಟು, ಅಂಕಿಗಳನ್ನು ಹಾಗೆಯೇ ಜೋಡಿಸಿ 45.1746 ಎಂದು ಒತ್ತಿದರೆ ಸುಮಾರು 13 ಕಿಲೋಮೀಟರ್ ಆಚೆ ಹೋಗಿ ನಿಲ್ಲುತ್ತೀರಿ. ನಾನೂ ಮೊದಲ ದಿನ ಹೀಗೆಯೇ ಮಾಡಿ, ಯಾವ ಸಂಬಂಧವೂ ಇಲ್ಲದ ಒಂದು ಹೊಲದ ಬೇಲಿಯ ಮುಂದೆ ನಿಂತಿದ್ದೆ.

ಡಬ್ಬಿಯನ್ನು ಆರಿಸುವಾಗ ಎರಡು ಅಂಕಗಳನ್ನು ನೋಡಬೇಕು: ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ನಡೆಯುವುದು ಎಷ್ಟು ಕಷ್ಟ. ಎರಡನ್ನೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಅಂತರದಲ್ಲಿ ಕೊಟ್ಟಿರುತ್ತಾರೆ. ಬೈಕಿನ ಬೂಟು, ಜಾಕೆಟ್ ತೊಟ್ಟವರಿಗೆ ನಡೆಯುವ ಅಂಕ 2ನ್ನು ದಾಟದಿರುವುದೇ ಕ್ಷೇಮ. ನಿರ್ದಿಷ್ಟ ಸ್ಥಳದಲ್ಲಿ ಒಂದೇ ಡಬ್ಬಿ ಇರುವ 'ಟ್ರೆಡಿಷನಲ್' ಬಗೆಯನ್ನೇ ಮೊದಲು ಹುಡುಕಿ. ಒಗಟು ಬಿಡಿಸಬೇಕಾದವು ಹಾಗೂ ಒಂದು ಸುಳಿವಿನಿಂದ ಇನ್ನೊಂದಕ್ಕೆ ಅಲೆಸುವವು ನಂತರಕ್ಕಿರಲಿ. ಹಿಂದಿನವರು ಆಟದ ಆ್ಯಪಿನಲ್ಲಿ ಬರೆದ ದಾಖಲೆಗಳನ್ನು ಹೊರಡುವ ಮೊದಲೇ ಓದಿಕೊಳ್ಳಬೇಕು. ಕೊನೆಯ ಮೂವರೂ 'ಸಿಗಲಿಲ್ಲ' ಎಂದು ಬರೆದಿದ್ದರೆ ಡಬ್ಬಿ ಕಳೆದುಹೋಗಿರುವ ಸಾಧ್ಯತೆಯೇ ಹೆಚ್ಚು. ನಾನು ಅದನ್ನು ಓದಿಯೂ, ನನ್ನ ಕಣ್ಣು ಚುರುಕು ಎಂಬ ಭ್ರಮೆಯಲ್ಲಿ, ಮುಕ್ಕಾಲು ಗಂಟೆ ಒಂದೇ ಸೇತುವೆಯ ಕೆಳಗೆ ಕಳೆದೆ.

ಆದರೆ ಬೈಕ್ ಸವಾರರಿಗೆ ಡಬ್ಬಿಗಿಂತ ಮುಖ್ಯವಾದದ್ದು ಗಾಡಿ ನಿಲ್ಲಿಸುವ ಜಾಗ. ಆ್ಯಪ್ ತೋರಿಸುವ ಬಾಣ ನೇರ ಗೆರೆಯ ದೂರವನ್ನು ಹೇಳುತ್ತದೆಯೇ ಹೊರತು ದಾರಿಯನ್ನಲ್ಲ. ಎರಡನೆಯ ದಿನ ಡಬ್ಬಿ 180 ಮೀಟರ್ ದೂರದಲ್ಲಿದೆ ಎಂದು ಕಂಡು ಗಾಡಿ ನಿಲ್ಲಿಸಿದರೆ, ನಡುವೆ ಹೊಳೆ ಹರಿಯುತ್ತಿತ್ತು. ಸೇತುವೆ ಸುತ್ತಿ ಆಚೆ ದಡ ಸೇರಲು 11 ಕಿಲೋಮೀಟರ್ ಹೋಗಬೇಕಾಯಿತು. ಅನೇಕ ಡಬ್ಬಿಗಳ ವಿವರದಲ್ಲಿ ವಾಹನ ನಿಲುಗಡೆಯ ಬಿಂದುವನ್ನು ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ದಾರಿ ಹಾಕಬೇಕಾದದ್ದು ಅದಕ್ಕೆ. ಅದಿಲ್ಲದಿದ್ದರೆ ಹಿಂದಿನ ರಾತ್ರಿಯೇ ಉಪಗ್ರಹ ಚಿತ್ರದಲ್ಲಿ ಜಾಗ ಗುರುತಿಸಿಕೊಳ್ಳಿ, ಏಕೆಂದರೆ ತಿರುವಿನಲ್ಲಿ ನಿಧಾನಿಸುತ್ತಾ ಜಾಗ ಹುಡುಕುವುದು ಹಿಂದಿನಿಂದ ಬರುವ ಲಾರಿಗೂ ನಿಮಗೂ ಅಪಾಯ. ಮಳೆ ಬಿದ್ದ ಮಣ್ಣಿನ ಮೇಲೆ ನಿಲ್ಲಿಸುವುದಾದರೆ ಸೈಡ್ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲು ಇಡದೆ ದೂರ ಹೋಗಬೇಡಿ.

ಫೋನಿನ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಶಕ್ತಿಶಾಲಿ ಬೈಕ್ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ತಿಳಿಸಿದೆ; ಹ್ಯಾಂಡಲ್ಲಿಗೆ ಕಟ್ಟುವುದಾದರೆ ಕಂಪನ ತಗ್ಗಿಸುವ ಹಿಡಿಕೆ ಬೇಕು. ನಾನು ಫೋನನ್ನು ಟ್ಯಾಂಕ್ ಬ್ಯಾಗಿನಲ್ಲಿಟ್ಟು, ಕಿವಿಯಲ್ಲಿ ದಾರಿ ಕೇಳುತ್ತಾ ಓಡಿಸಿದೆ. ಆದರೆ ಟ್ಯಾಂಕಿಗೆ ಅಯಸ್ಕಾಂತದಿಂದ ಅಂಟುವ ಬ್ಯಾಗು ಫೋನಿನ ದಿಕ್ಸೂಚಿಯನ್ನು ದಿಕ್ಕು ತಪ್ಪಿಸುತ್ತದೆ. ಗಾಡಿಯಿಂದ ಹತ್ತು ಹೆಜ್ಜೆ ದೂರ ಹೋಗಿ, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿಸಿದ ಮೇಲೆಯೇ ಬಾಣವನ್ನು ನಂಬಬಹುದು.

ಕೊನೆಯ ಹತ್ತು ಮೀಟರುಗಳಲ್ಲಿ ಫೋನು ಜೇಬು ಸೇರಲಿ, ಅಲ್ಲಿಂದ ಮುಂದೆ ಅದರ ಲೆಕ್ಕ ಅಷ್ಟು ಕರಾರುವಾಕ್ಕಲ್ಲ. ಮೂರನೆಯ ದಿನ ಘಟ್ಟದ ತಿರುವಿನ ವಿಶ್ರಾಂತಿ ಜಾಗದಲ್ಲಿ ಕಲ್ಲು, ಪೊದೆ ಎಲ್ಲವನ್ನೂ ನೋಡಿ ಸೋತು, ಕೈ ಊರಿ ಕುಳಿತ ಕಬ್ಬಿಣದ ಬೆಂಚಿನ ಅಡಿಯಲ್ಲೇ ಬೆರಳಿಗೆ ಏನೋ ತಗುಲಿತು. ಬೆಂಚಿನದೇ ಬಣ್ಣ ಬಳಿದ, ಅಯಸ್ಕಾಂತದಿಂದ ಅಂಟಿಕೊಂಡಿದ್ದ, ಕಿರುಬೆರಳ ತುದಿಯಷ್ಟೇ ಇದ್ದ ಡಬ್ಬಿ ಅದು. ಒಳಗೆ ಸುರುಳಿ ಸುತ್ತಿದ ಚೀಟಿ ಒದ್ದೆಯಾಗಿತ್ತು, ಪೆನ್ನು ಇರಲಿಲ್ಲ. ಇಷ್ಟು ಚಿಕ್ಕದರಲ್ಲಿ ಪೆನ್ನು ಹಿಡಿಸುವುದೂ ಇಲ್ಲ. ನಿಮ್ಮದನ್ನು ಜಾಕೆಟ್ಟಿನ ಹೊರಜೇಬಿನಲ್ಲೇ ಇಟ್ಟುಕೊಳ್ಳಿ, ಜೊತೆಗೆ ಚೀಟಿ ಎಳೆಯಲು ಒಂದು ಚಿಮುಟ. ಪಕ್ಕದಲ್ಲಿ ಜನರಿದ್ದರೆ ಹೆಲ್ಮೆಟ್ ಒರೆಸುವ ನೆಪ ಸಾಕು, ಬೈಕ್ ಸವಾರ ಎಲ್ಲಿ ನಿಂತರೂ ಯಾರೂ ಪ್ರಶ್ನಿಸುವುದಿಲ್ಲ.

ದೊಡ್ಡ ಡಬ್ಬಿಗಳಲ್ಲಿ ಸಣ್ಣಪುಟ್ಟ ವಸ್ತುಗಳಿರುತ್ತವೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಹೆಚ್ಚು ಬೆಲೆಯ ಇನ್ನೊಂದನ್ನು ಇಡಬೇಕು, ತಿನಿಸು ಮಾತ್ರ ಇಡಬಾರದು. ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ ಕಂಡರೆ ಅದು ಡಬ್ಬಿಯಿಂದ ಡಬ್ಬಿಗೆ ಪಯಣಿಸುವ 'ಟ್ರ್ಯಾವಲ್ ಬಗ್'. ಅದನ್ನು ಇಟ್ಟುಕೊಳ್ಳುವಂತಿಲ್ಲ, ಸಂಖ್ಯೆಯನ್ನು ದಾಖಲಿಸಿ ಮುಂದೆ ಸಾಗಿಸಬೇಕು. ದೂರ ಸಾಗುವ ಸವಾರರಿಗೆ ಹೇಳಿಮಾಡಿಸಿದ ಕೆಲಸವೆಂದು ನಾಲ್ಕನೆಯ ದಿನ ಒಂದನ್ನು ಹುರುಪಿನಿಂದ ಎತ್ತಿಕೊಂಡೆ. ಐದನೆಯ ದಿನಕ್ಕೆ ಆರಿಸಿಟ್ಟಿದ್ದ ಎರಡೂ 'ಮೈಕ್ರೋ' ಗಾತ್ರದವು ಎಂಬುದನ್ನು ನೋಡಿಕೊಂಡಿರಲಿಲ್ಲ, ಬಿಲ್ಲೆ ಯಾವುದರಲ್ಲೂ ಹಿಡಿಸಲಿಲ್ಲ. ಅದೀಗ ನನ್ನ ಟ್ಯಾಂಕ್ ಬ್ಯಾಗಿನಲ್ಲೇ ಇದೆ. ಮುಂದಿನ ಪ್ರವಾಸದ ದಾರಿಯನ್ನು ಅದು ಹಿಡಿಸುವಂತಹ ಒಂದು ಡಬ್ಬಿಯಿಂದಲೇ ಗುರುತಿಸಲು ಆರಂಭಿಸಿದ್ದೇನೆ.